ಉಶ್ಶಾಪವಿಲ್ಲದ ಶಾಪ



ಇಂಗ್ಲಿಷ್ ರುದ್ರನಾಟಕಗಳಲ್ಲಿ ವಿಧಿಯ ಕಲ್ಪನೆ ಎಂಬುದು ಜಯನಗರದ ಈ ಸಭಾಂಗಣದಲ್ಲಿ ಮಾತಾಡಲು ನನಗೆ ಕೊಟ್ಟಿರುವ ವಿಷಯ. ಇದನ್ನು ಕಾಲೇಜಿನಲ್ಲಿ ಪಾಠ ಮಾಡುವ ಒಂದು ಸಿದ್ಧ ಕ್ರಮವಿದೆ. ಗ್ರೀಕರಲ್ಲಿ ವಿಧಿ ಹೊರಗಿನಿಂದ ಬಂದು ಎರಗುತ್ತದೆ, ಶೇಕ್ಸ್‌ಪಿಯರನಲ್ಲಿ ಮನುಷ್ಯನ ಸ್ವಭಾವವೇ ವಿಧಿಯಾಗುತ್ತದೆ ಎಂದು ಹೇಳಿ, ಎ.ಸಿ. ಬ್ರಾಡ್ಲಿಯ 1904ರ ಪುಸ್ತಕದ ಹೆಸರೆತ್ತಿ, ಮುಂದಿನ ಅಧ್ಯಾಯಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ನಾಟಕಗಳು ಕನ್ನಡಕ್ಕೆ ಬಂದಾಗ ಏನಾಯಿತು ಎಂದು ನೋಡಿದರೆ ಆ ಸೂತ್ರ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಸಿದ್ಧ ಮಾತೂ ಇದೆ. ಭಾರತೀಯರು ಹಣೆಬರಹವನ್ನು ನಂಬುವವರು, ಎಲ್ಲವನ್ನೂ ಕರ್ಮವೆಂದು ಒಪ್ಪಿಕೊಂಡು ಕೂರುವವರು, ಆದ್ದರಿಂದಲೇ ನಮ್ಮಲ್ಲಿ ರುದ್ರನಾಟಕ ಹುಟ್ಟಲಿಲ್ಲ ಎಂಬ ಮಾತು. ಮೊದಲರ್ಧ ನಿಜವಾಗಿದ್ದರೆ ಇಲ್ಲಿಗೆ ಹತ್ತಿರದಲ್ಲೇ ಕನಕಪುರ ರಸ್ತೆಯಲ್ಲಿರುವ ಬನಶಂಕರಿ ದೇವಸ್ಥಾನಕ್ಕೆ ಮಂಗಳವಾರ, ಶುಕ್ರವಾರ, ಭಾನುವಾರ ಅಷ್ಟೊಂದು ಜನ ಬರುತ್ತಿರಲಿಲ್ಲ. ರಾಹುಕಾಲದಲ್ಲಿ ಮನೆಯಿಂದ ಹೊರಗೇ ಕಾಲಿಡಬಾರದು ಎನ್ನುವ ಊರು ನಮ್ಮದು. ಅದೇ ಊರಿನ ಹೆಣ್ಣುಮಕ್ಕಳು ಆ ದೇವಸ್ಥಾನದಲ್ಲಿ ರಾಹುಕಾಲಕ್ಕೇ ಕಾದು ನಿಲ್ಲುತ್ತಾರೆ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಮಗ್ಗುಲು ಹೊರಗೆ ಮಾಡಿ, ಅದರೊಳಗೆ ಬತ್ತಿ ಇಟ್ಟು ದೀಪ ಹಚ್ಚುತ್ತಾರೆ. ಕೆಟ್ಟ ಗಳಿಗೆಯನ್ನೇ ಹಿಡಿದು ಕೂರಿಸಿ ಅದರಿಂದ ಕೆಲಸ ತೆಗೆಯುವ ಈ ಜನರನ್ನು ವಿಧಿಗೆ ತಲೆಬಾಗಿದವರು ಎಂದು ಯಾವ ಬಾಯಲ್ಲಿ ಹೇಳುವುದು? ನಾವು ವಿಧಿಯ ಜೊತೆ ಚೌಕಾಸಿ ಮಾಡುವವರು. ಜಾತಕದಲ್ಲಿ ದೋಷ ಇದೆ ಎಂದ ಜೋಯಿಸರು ಅದೇ ಉಸಿರಿನಲ್ಲಿ ಶಾಂತಿಯನ್ನೂ ಹೇಳದಿದ್ದರೆ ನಾವು ಜೋಯಿಸರನ್ನೇ ಬದಲಾಯಿಸುತ್ತೇವೆ.

ಪುರಾಣಗಳ ನಡೆಯೂ ಇದೇ. ದೂರ್ವಾಸರ ಶಾಪ ಶಕುಂತಲೆಗೆ ತಗುಲಿತು. ಪ್ರಿಯಂವದೆ ಓಡಿಹೋಗಿ ಕಾಲು ಹಿಡಿದಳು. ಗುರುತಿನ ಆಭರಣ ಕಂಡಾಗ ಶಾಪ ತೀರುತ್ತದೆ ಎಂದಾಯಿತು. ವೈಕುಂಠದ ಬಾಗಿಲು ಕಾಯುವ ಜಯವಿಜಯರಿಗಂತೂ ಭಕ್ತರಾಗಿ ಏಳು ಜನ್ಮವೋ ಶತ್ರುಗಳಾಗಿ ಮೂರು ಜನ್ಮವೋ ಎಂದು ಆಯ್ಕೆಯನ್ನೇ ಕೊಟ್ಟರು. ಆಡಿದ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಲು ಋಷಿಗೂ ಬರುವುದಿಲ್ಲ, ಆದರೆ ಅದಕ್ಕೊಂದು ಅವಧಿ, ಹೊರಬರಲು ಒಂದು ದಾರಿ ಇದ್ದೇ ಇರುತ್ತದೆ. ಶಾಪದ ಬೆನ್ನಿಗೇ ಉಶ್ಶಾಪ. ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಕಂಪನಿ ನಾಟಕದಲ್ಲಿ ಇದನ್ನೇ ಕೇಳುತ್ತ ಬೆಳೆದ ಪ್ರೇಕ್ಷಕರ ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನಾಟಕಗಳು ಬಂದು ನಿಂತವು. ಅವುಗಳಲ್ಲಿ ಶಾಪ ಇತ್ತು, ಉಶ್ಶಾಪ ಇರಲಿಲ್ಲ.

ಆ ವಿಧಿಯ ವಂಶಾವಳಿಯನ್ನು ಬೇಗ ಮುಗಿಸುತ್ತೇನೆ. ರೋಮಿನ ಸೆನೆಕನ ನಾಟಕಗಳಿಂದ ಒಂದು ಪಾಲು, ರಾಜನನ್ನು ಮೇಲೇರಿಸಿ ಕೆಳಗಿಳಿಸುವ ಭಾಗ್ಯಚಕ್ರದ ಮಧ್ಯಯುಗದ ಕಲ್ಪನೆಯಿಂದ ಒಂದು ಪಾಲು, ಯಾರಿಗೆ ಮೋಕ್ಷ ಎಂಬುದನ್ನು ದೇವರು ಮೊದಲೇ ನಿಶ್ಚಯಿಸಿದ್ದಾನೆ ಎಂದ ಕ್ಯಾಲ್ವಿನನ ಬೋಧನೆಯಿಂದ ಒಂದು ಪಾಲು. ಈ ಮೂರನೆಯದು ಎಷ್ಟು ಕಠಿಣ ಎಂಬುದು ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ ನಾಟಕದಲ್ಲಿ ಕಾಣುತ್ತದೆ. ಇಪ್ಪತ್ತನಾಲ್ಕು ವರ್ಷದ ಸುಖಕ್ಕೆ ಆತ್ಮವನ್ನು ಬರೆದುಕೊಟ್ಟ ಪಂಡಿತ ಅವನು. ಗಡುವು ಹತ್ತಿರ ಬಂದಾಗಲೂ ಒಬ್ಬ ಮುದುಕ ಬಂದು ಪಶ್ಚಾತ್ತಾಪಪಡು, ಇನ್ನೂ ಹೊತ್ತು ಮೀರಿಲ್ಲ ಎನ್ನುತ್ತಾನೆ. ಬಾಗಿಲು ತೆರೆದೇ ಇದೆ, ಫಾಸ್ಟಸ್ ಹೋಗುವುದಿಲ್ಲ. ಪಶ್ಚಾತ್ತಾಪಪಡುವ ಶಕ್ತಿಯೂ ಮೇಲಿನವನು ಕೊಟ್ಟರೆ ಮಾತ್ರ ಬರುವುದಾದರೆ, ಕೊಡದೆ ಬಿಟ್ಟವನ ತಪ್ಪೇನು? ಅಂದಿನ ಪ್ರೇಕ್ಷಕರು ಈ ಪ್ರಶ್ನೆಯನ್ನು ಹೊತ್ತು ಮನೆಗೆ ಹೋಗಿರಬೇಕು.

‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಒಂದು ಸಣ್ಣ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸೂತ್ರಧಾರನಂಥ ಒಬ್ಬ ಆರಂಭದಲ್ಲೇ ಬಂದು ಈ ಪ್ರೇಮಿಗಳ ನಕ್ಷತ್ರ ಚೆನ್ನಾಗಿಲ್ಲ, ಇಬ್ಬರೂ ಸಾಯುತ್ತಾರೆ ಎಂದು ಹೇಳಿ ಹೋಗುತ್ತಾನೆ. ಆದರೆ ನಕ್ಷತ್ರ ತನ್ನ ಕೆಲಸ ಮಾಡುವುದು ಹೇಗೆ? ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಎಂಬ ಪತ್ರವನ್ನು ಲಾರೆನ್ಸ್ ಪಾದ್ರಿ ಇನ್ನೊಬ್ಬ ಪಾದ್ರಿಯ ಕೈಯಲ್ಲಿ ಕಳಿಸುತ್ತಾನೆ. ಈ ಎರಡನೆಯವನು ದಾರಿಗೆ ಜೊತೆ ಬೇಕೆಂದು ತನ್ನ ಮಠದ ಮತ್ತೊಬ್ಬನನ್ನು ಹುಡುಕಿಕೊಂಡು ಹೋಗುತ್ತಾನೆ. ಆತ ರೋಗಿಗಳನ್ನು ನೋಡಿಕೊಳ್ಳುತ್ತಿರುತ್ತಾನೆ. ಊರಿನ ತಪಾಸಣೆಯವರು ಬರುತ್ತಾರೆ. ಇವರಿಬ್ಬರೂ ಪ್ಲೇಗು ಬಂದ ಮನೆಯಲ್ಲಿದ್ದರೆಂದು ಶಂಕಿಸಿ ಬಾಗಿಲಿಗೆ ಮುದ್ರೆ ಹಾಕುತ್ತಾರೆ. ಪತ್ರ ರೋಮಿಯೋಗೆ ತಲುಪುವುದಿಲ್ಲ. ಸೋಂಕಿನ ಭಯದಿಂದ ಅದನ್ನು ವಾಪಸು ಒಯ್ಯಲೂ ಯಾರೂ ಸಿಗುವುದಿಲ್ಲ. ಕೆಲವೇ ಸಾಲುಗಳ ಸಂಭಾಷಣೆ ಇದು. ವಿಧಿ ಇಲ್ಲಿ ಮುನಿಸಿಪಾಲಿಟಿಯ ಆರೋಗ್ಯ ವಿಭಾಗದ ವೇಷದಲ್ಲಿ ಬರುತ್ತದೆ.

ಲಂಡನ್ನಿನಲ್ಲಿ 1592ರಿಂದ 1594ರವರೆಗೆ ಪ್ಲೇಗಿನಿಂದಾಗಿ ನಾಟಕಶಾಲೆಗಳು ಬಹುಪಾಲು ಮುಚ್ಚಿದ್ದವು. ನಾಟಕ ಬಂದದ್ದು ಅದರ ಬೆನ್ನಿಗೆ. ಮುದ್ರೆ ಹಾಕಿದ ಬಾಗಿಲೆಂದರೆ ಏನೆಂದು ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ. ನಮಗೂ ಬೇಕಿಲ್ಲ, ನಾವು 2020ನ್ನು ಕಂಡವರು. ಅದಕ್ಕೂ ಹಿಂದೆ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಹರಿದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡವು. ಆ ಬಸವನಗುಡಿಯ ಸುತ್ತಲೇ ಕನ್ನಡದ ಶೇಕ್ಸ್‌ಪಿಯರನ ಒಂದು ದೊಡ್ಡ ಪಾಲು ಬರೆಯಲ್ಪಟ್ಟಿತು. ‘ಮ್ಯಾಕ್‌ಬೆತ್’ ಅನುವಾದಿಸಿದ ಡಿ.ವಿ. ಗುಂಡಪ್ಪನವರು ಬಾಳಿದ್ದು ಬಸವನಗುಡಿಯಲ್ಲಿ. ‘ಲಿಯರ್ ಮಹಾರಾಜ’ ಕೊಟ್ಟ ಮಾಸ್ತಿಯವರ ಮನೆ ಗವಿಪುರದಲ್ಲಿ. ಗಾಂಧಿ ಬಜಾರಿನಲ್ಲಿ ನಿಂತರೆ ಎರಡೂ ನಡೆದು ಹೋಗುವಷ್ಟು ದೂರ.

ಇವರಿಗಿಂತ ಮೊದಲಿನವರು ಏನು ಮಾಡಿದರು? 1880ರ ದಶಕದ ಕೊನೆಯಲ್ಲಿ ಬಂದ ಆನಂದರಾಯರ ‘ರಾಮವರ್ಮ ಲೀಲಾವತಿ’ ಎಂಬ ನಾಟಕ ರೋಮಿಯೋ ಜೂಲಿಯೆಟರ ಕಥೆಯೇ. ಹೆಸರು ಬದಲಾಗಿದೆ, ವೇಷ ಬದಲಾಗಿದೆ, ಕೊನೆಯೂ ಬದಲಾಗಿದೆ. ದೇವರ ಕೃಪೆಯಿಂದ ಸತ್ತ ಪ್ರೇಮಿಗಳು ಎದ್ದು ಕೂರುತ್ತಾರೆ. ಸಾಹಿತ್ಯ ಚರಿತ್ರೆಯ ತರಗತಿಗಳಲ್ಲಿ ಇದನ್ನು ಹೇಳಿ ನಗುವುದು ರೂಢಿ. ಆ ನಗೆಯಲ್ಲಿ ಸೇರಲು ನನಗೆ ಮನಸ್ಸಿಲ್ಲ. ಒಂದು ಪತ್ರ ತಲುಪಲಿಲ್ಲ ಎಂಬ ಕಾರಣಕ್ಕೆ ಇಬ್ಬರು ಮಕ್ಕಳು ಸಾಯುವುದು ನ್ಯಾಯವಲ್ಲ ಎಂದು ಆ ನಾಟಕಕಾರರಿಗೆ ಅನ್ನಿಸಿತು, ಹಾಗಾಗಿ ಉಶ್ಶಾಪವನ್ನು ತಾವೇ ಬರೆದು ಸೇರಿಸಿದರು.

ಹಾಗೆ ಮಾಡಿದವರು ನಾವು ಮಾತ್ರವೇ ಎಂದರೆ ಅದೂ ಇಲ್ಲ. ‘ಕಿಂಗ್ ಲಿಯರ್’ ನಾಟಕದ ಕೊನೆಯಲ್ಲಿ ಲಿಯರನ ಮಗಳು, ತಪ್ಪೇ ಮಾಡದ ಕಾರ್ಡೀಲಿಯಾಳನ್ನು ನೇಣು ಹಾಕುತ್ತಾರೆ. ಅವಳನ್ನು ಉಳಿಸುವ ಆಜ್ಞೆ ಹೊರಡುತ್ತದೆ, ಸಮಯಕ್ಕೆ ತಲುಪುವುದಿಲ್ಲ. ಇಂಗ್ಲಿಷರಿಗೇ ಇದನ್ನು ತಡೆದುಕೊಳ್ಳಲಾಗಲಿಲ್ಲ. 1681ರಲ್ಲಿ ನಹೂಮ್ ಟೇಟ್ ಎಂಬಾತ ಕಥೆಯನ್ನು ತಿದ್ದಿ ಲಿಯರನನ್ನು ಬದುಕಿಸಿದ, ಕಾರ್ಡೀಲಿಯಾಳಿಗೆ ಎಡ್ಗರ್ ಎಂಬವನ ಜೊತೆ ಮದುವೆ ಮಾಡಿಸಿದ. ಸುಮಾರು ಒಂದೂವರೆ ಶತಮಾನ ಲಂಡನ್ನಿನ ರಂಗಭೂಮಿಯಲ್ಲಿ ನಡೆದದ್ದು ಈ ಮದುವೆ ಮನೆಯ ಲಿಯರ್. 1838ರಲ್ಲಿ ಮ್ಯಾಕ್ರೆಡಿ ಎಂಬ ನಟ ಮೂಲವನ್ನು ಮರಳಿ ತಂದ. ಸ್ಯಾಮ್ಯುಯೆಲ್ ಜಾನ್ಸನ್‌ನಂಥ ಗಟ್ಟಿಗನೂ ಕಾರ್ಡೀಲಿಯಾಳ ಸಾವಿನಿಂದ ತತ್ತರಿಸಿ, ಸಂಪಾದನೆಗೆ ಕೂರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಲು ಹೋಗಲಿಲ್ಲವೆಂದು ತಾನೇ ಬರೆದುಕೊಂಡಿದ್ದಾನೆ. ಹೀಗಿರುವಾಗ ಆನಂದರಾಯರೊಬ್ಬರನ್ನೇ ಏಕೆ ಅನ್ನಬೇಕು?

ಕಾರಣವಿಲ್ಲದ ದುಃಖ ಕನ್ನಡ ಮನಸ್ಸಿಗೆ ಇನ್ನಷ್ಟು ಕಷ್ಟ. ಕರ್ಮ ಎಂಬುದು ಅಂಗಡಿಯ ಖಾತೆ ಪುಸ್ತಕದ ಹಾಗೆ. ಈ ಪುಟದಲ್ಲಿ ಕಾಣದ ಸಾಲ ಹಿಂದಿನ ಪುಟದಲ್ಲಿ ಇದ್ದೇ ಇರುತ್ತದೆ. ಏನೂ ತಪ್ಪು ಮಾಡದವಳಿಗೆ ಯಾಕೆ ಹೀಗಾಯಿತು ಎಂದರೆ ಯಾವ ಜನ್ಮದ್ದೋ ಎನ್ನುತ್ತೇವೆ, ಲೆಕ್ಕ ಕೂಡಿಬರುತ್ತದೆ. ಲಿಯರ್ ನಾಟಕದಲ್ಲಿ ಹಿಂದಿನ ಪುಟವೇ ಇಲ್ಲ. ಗ್ಲಾಸ್ಟರ್ ಎಂಬ ಮುದುಕ ಇತ್ತೀಚಿನ ಗ್ರಹಣಗಳಿಂದಲೇ ಇಷ್ಟೆಲ್ಲ ಅನಾಹುತ ಎಂದು ನಂಬುತ್ತಾನೆ. 1605ರ ಶರತ್ಕಾಲದಲ್ಲಿ ಒಂದು ಚಂದ್ರಗ್ರಹಣ, ಅದರ ಹಿಂದೆಯೇ ಒಂದು ಸೂರ್ಯಗ್ರಹಣ ನಿಜವಾಗಿಯೂ ಆಗಿದ್ದವು. ಅವನ ಮಗ ಎಡ್ಮಂಡ್ ಇದನ್ನು ಕೇಳಿ ನಗುತ್ತಾನೆ: ನಾವು ಮಾಡಿದ ಪಾಪವನ್ನು ಸೂರ್ಯಚಂದ್ರರ ತಲೆಗೆ ಕಟ್ಟುವುದು ಎಂಥ ಅನುಕೂಲ! ಮಾತು ಸರಿಯಾಗಿದೆ, ಆಡುವವನು ನಾಟಕದ ಮಹಾ ಕೇಡಿಗ. ಜ್ಯೋತಿಷ್ಯವನ್ನು ನಂಬುವ ಅಪ್ಪ ಒಳ್ಳೆಯವನು, ನಂಬದ ಮಗ ಕಟುಕ. ಯಾರ ಪಕ್ಷ ವಹಿಸಬೇಕೆಂದು ಶೇಕ್ಸ್‌ಪಿಯರ್ ಹೇಳುವುದಿಲ್ಲ.

ಕನ್ನಡಕ್ಕೆ ಹೆಚ್ಚು ಸುಲಭವಾಗಿ ಒಗ್ಗಿದ್ದು ‘ಮ್ಯಾಕ್‌ಬೆತ್’. ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲೇ ಅದನ್ನು ‘ಪ್ರತಾಪರುದ್ರದೇವ’ ಎಂದು ತಂದರು. ಡಿವಿಜಿ ಇದ್ದಾರೆ, ರಾಮಚಂದ್ರ ದೇವ ಇದ್ದಾರೆ. 1979ರಲ್ಲಿ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ತಂಡಕ್ಕೆ ಹಿಂದಿಯಲ್ಲಿ ‘ಬರ್ನಮ್ ವನ’ ಮಾಡಿಸಿದಾಗ ಅದಕ್ಕೆ ಯಕ್ಷಗಾನದ ಮೈ ಕೊಟ್ಟರು. ಒಗ್ಗಲು ಕಾರಣವಿದೆ. ಮೂವರು ಮಾಟಗಾತಿಯರು ಹೇಳುವ ಭವಿಷ್ಯ ಕೇಳಿ ಕೊಲೆಗಿಳಿದು, ಕೊನೆಗೆ ಮಕ್ಕಳನ್ನೂ ಬಿಡದ ರಾಜನನ್ನು ನಾವು ಮೊದಲೇ ಬಲ್ಲೆವು. ಅವನು ಕಂಸ. ತಂಗಿಯ ದಿಬ್ಬಣದ ರಥ ಹೊಡೆಯುತ್ತಿದ್ದವನಿಗೆ ಆಕಾಶವಾಣಿ ಕೇಳಿಸಿತು, ಅಲ್ಲಿಂದ ಮುಂದೆ ಅವನು ಮಾಡಿದ ಒಂದೊಂದು ಎಚ್ಚರಿಕೆಯೂ ಅವನ ಸಾವನ್ನೇ ಹತ್ತಿರ ತಂದಿತು. ಹೆಣ್ಣು ಹೆತ್ತವರಿಂದ ನಿನಗೆ ಸಾವಿಲ್ಲ, ಕಾಡು ನಡೆದು ಬರುವವರೆಗೆ ಸೋಲಿಲ್ಲ ಎಂಬ ಎರಡನೆಯ ಸುತ್ತಿನ ಭರವಸೆಗಳಂತೂ ಹಿರಣ್ಯಕಶಿಪುವಿನ ವರವೇ. ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ, ನರನೂ ಮೃಗವೂ ಅಲ್ಲದವನು ಬಂದದ್ದನ್ನು ಕಂಡ ಪ್ರೇಕ್ಷಕ, ತಾಯಿಯ ಹೊಟ್ಟೆ ಸೀಳಿ ತೆಗೆದ ಮ್ಯಾಕ್‌ಡಫ್ ಬಂದಾಗ ಬೆಚ್ಚುವುದಿಲ್ಲ, ತಲೆದೂಗುತ್ತಾನೆ.

ಆದರೆ ಕಂಸನ ಪಕ್ಕದಲ್ಲಿ ಇಲ್ಲದ ಒಬ್ಬ ಮ್ಯಾಕ್‌ಬೆತ್ ಪಕ್ಕದಲ್ಲಿದ್ದಾನೆ, ಬ್ಯಾಂಕೊ. ಅದೇ ಬಯಲಿನಲ್ಲಿ ಅದೇ ಮಾಟಗಾತಿಯರ ಬಾಯಿಂದ ಅವನೂ ಭವಿಷ್ಯ ಕೇಳುತ್ತಾನೆ, ನಿನ್ನ ವಂಶದವರು ರಾಜರಾಗುತ್ತಾರೆ ಎಂದು. ಅವನಿಗೂ ಆಸೆ ಚಿಗುರುತ್ತದೆ, ಆದರೆ ಕತ್ತಿ ಹಿರಿಯುವುದಿಲ್ಲ. ಶೇಕ್ಸ್‌ಪಿಯರನಿಗೆ ಕಥೆ ಸಿಕ್ಕಿದ್ದು ಹಾಲಿನ್‌ಶೆಡ್ಡನ ಚರಿತ್ರೆಯಲ್ಲಿ. ಅಲ್ಲಿ ಬ್ಯಾಂಕೊ ಕೊಲೆಯಲ್ಲಿ ಪಾಲುದಾರ. ಅವನ ಕೈ ತೊಳೆದು ಶುದ್ಧ ಮಾಡಿದವನು ನಾಟಕಕಾರ. ಅದಕ್ಕೆ ಲೌಕಿಕ ಕಾರಣ ಸ್ಪಷ್ಟ: ಆಗ ಸಿಂಹಾಸನದಲ್ಲಿದ್ದ ಒಂದನೆಯ ಜೇಮ್ಸ್ ತನ್ನನ್ನು ಬ್ಯಾಂಕೊ ವಂಶದವನೆಂದು ತಿಳಿದಿದ್ದ, ನಾಟಕ ಕಂಪನಿ ಅವನದೇ ಆಶ್ರಯದಲ್ಲಿತ್ತು. ಅರಸನನ್ನು ಮೆಚ್ಚಿಸಲು ಮಾಡಿದ ಈ ತಿದ್ದುಪಡಿಯಿಂದಲೇ ನಾಟಕಕ್ಕೆ ಅದರ ದೊಡ್ಡ ಪ್ರಶ್ನೆ ಸಿಕ್ಕಿತು. ಒಂದೇ ಭವಿಷ್ಯ ಕೇಳಿದ ಇಬ್ಬರಲ್ಲಿ ಒಬ್ಬ ಮಾತ್ರ ಕೊಲೆಗಾರನಾದರೆ ಕೊಲೆ ಭವಿಷ್ಯದ್ದಲ್ಲ. ಆಸ್ಥಾನದ ಓಲೈಕೆಯಿಂದ ಒಳ್ಳೆಯ ಸಾಹಿತ್ಯ ಹುಟ್ಟುವುದಿಲ್ಲ ಎಂದು ಪಂಪ ರನ್ನರನ್ನು ಓದಿದ ಕನ್ನಡಿಗರಿಗೆ ಯಾರೂ ಹೇಳಲಾರರು ಬಿಡಿ.

ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್ತನ್ನು ‘ಮಾರನಾಯಕ’ ಮಾಡಿದರು. ಹುಲುಗಪ್ಪ ಕಟ್ಟೀಮನಿಯವರು ಅದನ್ನು ಮೈಸೂರು ಜೈಲಿನ ಕೈದಿಗಳಿಂದ ಆಡಿಸಿದರು. ಶಿಕ್ಷೆ ಅನುಭವಿಸುತ್ತಿರುವವರು ಆ ಕಥೆಯನ್ನು ಅಭಿನಯಿಸುವಾಗ, ಮಾಟಗಾತಿಯರ ಮೇಲೆ ಎಷ್ಟು ಹೊರಿಸಬಹುದು, ಮಾರನಾಯಕನ ಮೇಲೆ ಎಷ್ಟು ಎಂಬುದು ಸೆಮಿನಾರಿನ ಚರ್ಚೆಯಾಗಿ ಉಳಿಯುವುದಿಲ್ಲ.

ಈಗ ಬಿ.ಎಂ. ಶ್ರೀಕಂಠಯ್ಯನವರಿಗೆ ಬರೋಣ. ಇಲ್ಲಿಗೆ ಹತ್ತಿರದ ನರಸಿಂಹರಾಜ ಕಾಲೊನಿಯಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ, ಅಲ್ಲಿ ನಿಮ್ಮಲ್ಲಿ ಅನೇಕರು ಪಾಠ ಕೇಳಿದವರೇ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಶ್ರೀಯವರು ಶೇಕ್ಸ್‌ಪಿಯರನ ಬಳಿ ನಿಲ್ಲದೆ ಅವನ ಹಿಂದಿನ ಗ್ರೀಕರವರೆಗೆ ಹೋದರು. 1929ರ ‘ಅಶ್ವತ್ಥಾಮನ್’ ನಾಟಕಕ್ಕೆ ಚೌಕಟ್ಟು ಸಾಫೊಕ್ಲಿಸನ ‘ಏಜಾಕ್ಸ್’. ಆ ಗ್ರೀಕ್ ವೀರ ದೇವಿಯೊಬ್ಬಳು ಹಿಡಿಸಿದ ಹುಚ್ಚಿನಲ್ಲಿ ದನಕುರಿಗಳನ್ನು ಶತ್ರುಗಳೆಂದು ಕಡಿದು, ಎಚ್ಚರವಾದ ಮೇಲೆ ಅವಮಾನ ತಾಳದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಅಲ್ಲಿಯೂ ಒಂದು ತಡವಾದ ಸಂದೇಶವಿದೆ. ದೇವಿಯ ಕೋಪ ಇವತ್ತೊಂದು ದಿನ ಮಾತ್ರ, ಇವತ್ತು ಅವನನ್ನು ಡೇರೆಯಿಂದ ಹೊರಗೆ ಬಿಡಬೇಡಿ ಎಂದು ಕಾಲಜ್ಞಾನಿ ಹೇಳಿಕಳಿಸುತ್ತಾನೆ. ದೂತ ಬರುವಷ್ಟರಲ್ಲಿ ಅವನು ಹೊರಟಾಗಿದೆ. ಸಾಫೊಕ್ಲಿಸನಿಗೂ ಶೇಕ್ಸ್‌ಪಿಯರನಿಗೂ ನಡುವೆ ಎರಡು ಸಾವಿರ ವರ್ಷ, ಉಪಾಯ ಒಂದೇ. (ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲವೆಂದು ಬೇಸರಪಡುವವರಿದ್ದಾರೆ. ರುದ್ರನಾಟಕದ ಮಟ್ಟಿಗೆ ಅದು ಬಹಳ ಉಚಿತವಾದ ನಿಯಮ.)

ಶ್ರೀಯವರು ಆ ಜಾಗದಲ್ಲಿ ಉಪಪಾಂಡವರನ್ನು ಕೊಂದ ಅಶ್ವತ್ಥಾಮನನ್ನು ನಿಲ್ಲಿಸಿದರು, ಏಜಾಕ್ಸನಂತೆಯೇ ಸಾಯಿಸಿದರು. ಅವನು ಚಿರಂಜೀವಿಯಲ್ಲವೇ, ಅವನನ್ನು ಕೊಲ್ಲುವುದು ಔಚಿತ್ಯವೇ ಎಂಬ ಆಕ್ಷೇಪ ಅಂದಿನಿಂದ ಇದೆ. ಆಕ್ಷೇಪಿಸುವವರು ವ್ಯಾಸರು ಕೊಟ್ಟ ಕೊನೆಯನ್ನು ಒಮ್ಮೆ ನೆನೆಯಬೇಕು. ಮೂರು ಸಾವಿರ ವರ್ಷ ಕೀವು ರಕ್ತ ಸುರಿಸುತ್ತ, ಮಾತಾಡಿಸುವವರಿಲ್ಲದೆ, ಕಾಡಿನಲ್ಲಿ ಒಬ್ಬನೇ ಅಲೆಯಬೇಕೆಂಬುದು ಸೌಪ್ತಿಕ ಪರ್ವದಲ್ಲಿ ಕೃಷ್ಣ ಕೊಟ್ಟ ಶಾಪ. ಅಂಥವನಿಗೆ ಸಾವು ಶಿಕ್ಷೆಯೇ? ಗ್ರೀಕ್ ಚೌಕಟ್ಟಿನಿಂದ ಶ್ರೀಯವರು ತಂದ ಸಾವು, ಮಹಾಭಾರತ ಅವನಿಗೆ ನಿರಾಕರಿಸಿದ ಬಿಡುಗಡೆಯ ಹಾಗೆ ನನಗೆ ಕಾಣುತ್ತದೆ. ಪಶ್ಚಿಮದ ಕಠೋರ ವಿಧಿಯನ್ನು ಕನ್ನಡಕ್ಕೆ ತಂದರು ಎಂದು ನಾವು ಹೊಗಳುವ ನಾಟಕ, ಲೆಕ್ಕ ಹಾಕಿದರೆ ಮೂಲಕ್ಕಿಂತ ಕರುಣೆಯದು.

ಟಿ.ಪಿ. ಕೈಲಾಸಂ ಹಿಡಿದ ದಾರಿ ಬೇರೆ. ನಗಿಸಲು ಕನ್ನಡ, ಅಳಿಸಲು ಇಂಗ್ಲಿಷ್ ಎಂದು ಭಾಷೆಗಳನ್ನು ಹಂಚಿಕೊಂಡವರು ಅವರು. 1946ರಲ್ಲಿ ಪ್ರಕಟವಾದ ಕರ್ಣನ ಮೇಲಿನ ಇಂಗ್ಲಿಷ್ ನಾಟಕದ ಹೆಸರಿನಲ್ಲೇ ಶಾಪವಿದೆ, ಸಾಫೊಕ್ಲಿಸನ ಛಾಯೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮಹಾಭಾರತದಲ್ಲಿ ಪರಶುರಾಮರ ಶಾಪ ಕೊನೆಯ ಯುದ್ಧದವರೆಗೆ ಸುಮ್ಮನೆ ಕಾಯುತ್ತದೆ. ಕೈಲಾಸಂ ಅದನ್ನು ಕಾಯಲು ಬಿಡದೆ ಕರ್ಣನ ಬಾಳಿನ ತಿರುವುಗಳಲ್ಲಿ ಮತ್ತೆ ಮತ್ತೆ ಎದುರು ತಂದು ನಿಲ್ಲಿಸುತ್ತಾರೆ. ಉಶ್ಶಾಪದ ಮಾತೇ ಇಲ್ಲ. ಕನ್ನಡಿಗರೊಬ್ಬರು ಬರೆದ ಇಂಗ್ಲಿಷ್ ರುದ್ರನಾಟಕ ಎಂದು ಇದನ್ನು ನಮ್ಮ ವಿಶ್ವವಿದ್ಯಾಲಯಗಳು ಇನ್ನಷ್ಟು ಗಮನವಿಟ್ಟು ಓದಿಸಬೇಕಿತ್ತು.

ಕೊನೆಯದಾಗಿ ಗಿರೀಶ ಕಾರ್ನಾಡರ ‘ಯಯಾತಿ’. ಅವರು ಬಹುಕಾಲ ನಮ್ಮ ಜೆ.ಪಿ. ನಗರದವರೇ ಆಗಿದ್ದರು. ಆದರೆ ಈ ನಾಟಕ ಧಾರವಾಡದ ದಿನಗಳದ್ದು, ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನ ಹುಡುಗ ಬರೆದದ್ದು. ಮನೋಹರ ಗ್ರಂಥಮಾಲೆ 1961ರಲ್ಲಿ ಪ್ರಕಟಿಸಿತು. ಶುಕ್ರಾಚಾರ್ಯರ ಶಾಪದಿಂದ ಯಯಾತಿಗೆ ಅಕಾಲ ಮುಪ್ಪು. ಉಶ್ಶಾಪವೂ ಉಂಟು: ಬೇರೆ ಯಾರಾದರೂ ಆ ಮುಪ್ಪನ್ನು ಹೊರಲು ಒಪ್ಪಿದರಾಯಿತು. ಮಗ ಪುರು ಒಪ್ಪುತ್ತಾನೆ. ಮಹಾಭಾರತದಲ್ಲಿ ಸಾವಿರ ವರ್ಷದ ಮೇಲೆ ಅಪ್ಪ ಯೌವನವನ್ನು ಹಿಂದಿರುಗಿಸುತ್ತಾನೆ, ಮಗನಿಗೆ ಪಟ್ಟ ಕಟ್ಟುತ್ತಾನೆ. ಖಾತೆ ಚುಕ್ತಾ.

ಕಾರ್ನಾಡರು ಮಹಾಭಾರತದಲ್ಲಿ ಇಲ್ಲದ ಒಬ್ಬಳನ್ನು ಒಳಗೆ ತಂದರು. ಪುರುವಿನ ಹೊಸ ಹೆಂಡತಿ ಚಿತ್ರಲೇಖೆ. ಮಗ ತ್ಯಾಗ ಮಾಡಿದ, ಅಪ್ಪ ಪಾರಾದ, ಪುರಾಣಿಕರು ಕೊಂಡಾಡಿದರು, ಸರಿ. ಅದೇ ದಿನ ಗಂಡನ ಮನೆಗೆ ಬಂದವಳು ಮುದುಕನೊಬ್ಬನ ಮುಖ ನೋಡಿ ಕಿರುಚಬೇಕಾಯಿತಲ್ಲ, ಅವಳನ್ನು ಯಾರು ಕೇಳಿದರು? ತಾನು ವರಿಸಿದ ಯೌವನ ಈಗ ಮಾವನ ಮೈಯಲ್ಲಿದೆ, ಹಾಗಿದ್ದರೆ ನೀವೇ ನನ್ನನ್ನು ಸ್ವೀಕರಿಸಿ ಎಂದು ಅವಳು ಯಯಾತಿಯ ಮುಖಕ್ಕೇ ಹೇಳುತ್ತಾಳೆ. ಧರ್ಮದ ಮಾತಾಡುತ್ತಿದ್ದ ರಾಜ ತಡವರಿಸುತ್ತಾನೆ. ಅವಳು ವಿಷ ಕುಡಿಯುತ್ತಾಳೆ. ಆಮೇಲೆ ಯಯಾತಿ ಮುಪ್ಪನ್ನು ವಾಪಸು ತೆಗೆದುಕೊಂಡದ್ದರಿಂದ ಅವಳಿಗೇನೂ ಆಗಬೇಕಾದ್ದಿಲ್ಲ.

ಇಂಗ್ಲಿಷ್ ನಾಟಕ ಓದಿದ ಮೊದಲ ತಲೆಮಾರಿನ ಕನ್ನಡಿಗರು ಅಲ್ಲಿಲ್ಲದ ಉಶ್ಶಾಪವನ್ನು ಹುಡುಕಿ ಸೇರಿಸಿದರು. ಗ್ರೀಕರನ್ನೂ ಆಧುನಿಕ ಫ್ರೆಂಚರನ್ನೂ ಓದಿದ ಕಾರ್ನಾಡರ ಹೊತ್ತಿಗೆ ಪ್ರಶ್ನೆ ನಮ್ಮ ಉಶ್ಶಾಪದ ಕಡೆಗೇ ತಿರುಗಿತ್ತು: ಇದರ ಬೆಲೆಯನ್ನು ಯಾರ ಕೈಯಿಂದ ವಸೂಲಿ ಮಾಡಿದಿರಿ? ‘ಯಯಾತಿ’ಯನ್ನು ಆಡುವ ತಂಡಗಳು ಅಪ್ಪ ಮಗನ ಸಂಘರ್ಷಕ್ಕೆ ಬೆಳಕು ಹಾಕಿ ಚಿತ್ರಲೇಖೆಯ ದೃಶ್ಯವನ್ನು ಅವಸರದಲ್ಲಿ ಮುಗಿಸುವುದುಂಟು. ನನ್ನ ಮಟ್ಟಿಗೆ ಆ ದೃಶ್ಯವೇ ನಾಟಕ. ಅದಕ್ಕೆ ಬೇಕಾದಷ್ಟು ಹೊತ್ತು ಕೊಡಬೇಕು, ಯಯಾತಿಯ ಪಾತ್ರಧಾರಿ ಅಲ್ಲಿ ಮಾತು ಸಿಗದೆ ನಿಲ್ಲುವುದನ್ನು ಕಲಿಯಬೇಕು.